ಗದಗ–ಹೋಟಗಿ ಮಾರ್ಗ: ಸಿಂಗಲ್ ಲೈನಿನಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಬಹುದು?

ಸಾರಿಗೆ ಮತ್ತು ಸಂಪರ್ಕ ಅಧ್ಯಾಯ ಓದುವಾಗ ಮಾರ್ಗದ ಉದ್ದ, ಗೇಜು, ವಲಯ ಇಷ್ಟನ್ನೇ ಬಾಯಿಪಾಠ ಮಾಡುವುದು ರೂಢಿ. ಆದರೆ ಹಳಿ ದಿನಕ್ಕೆ ಎಷ್ಟು ಗಾಡಿ ತಾಳುತ್ತದೆ ಎನ್ನುವುದು ಉದ್ದದಿಂದ ತಿಳಿಯುವುದಿಲ್ಲ. ಅದನ್ನು ಲೆಕ್ಕ ಹಾಕಿಯೇ ಕಲಿಯಬೇಕು. ವಿಜಯಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿ ಮೇಲೆ ಹಾಯುವ 284 ಕಿ.ಮೀ. ಗದಗ–ಹೋಟಗಿ ಮಾರ್ಗವನ್ನೇ ಉದಾಹರಣೆಗೆ ಹಿಡಿಯೋಣ. ಜೋಡಿ ಹಳಿ ಯೋಜನೆಗೂ ಮುಂಚಿನ ಸಿಂಗಲ್ ಲೈನ್ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಎರಡು ಸ್ಟೇಷನ್‌ಗಳ ನಡುವಿನ ಹಳಿಯ ತುಂಡಿಗೆ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಅದರೊಳಗೆ ಒಂದು ಹೊತ್ತಿಗೆ ಒಂದೇ ಗಾಡಿ. ಮುಂದಿನ ಸ್ಟೇಷನ್ ಮಾಸ್ಟರ್ ‘ಲೈನ್ ಕ್ಲಿಯರ್’ (ಗಾಡಿ ಕಳಿಸಲು ಒಪ್ಪಿಗೆ) ಕೊಡದೆ ಈ ಕಡೆಯ ಕೊನೆಯ ಸ್ಟಾರ್ಟರ್ ಸಿಗ್ನಲ್ (ಗಾಡಿ ಹೊರಡಿಸುವ ಸಿಗ್ನಲ್) ತೆರೆಯುವುದಿಲ್ಲ. ಗಾಡಿ ಪೂರ್ತಿ ಬಂತೇ, ನಡುವೆ ಡಬ್ಬಿ ಕಳಚಿ ಉಳಿದಿಲ್ಲವೇ ಎಂದು ನೋಡಲು ಕೊನೆಯ ಡಬ್ಬಿಗೆ ‘ಎಲ್‌ವಿ’ (ಲಾಸ್ಟ್ ವೆಹಿಕಲ್) ಫಲಕ ತೂಗಿಸಿರುತ್ತಾರೆ. ಆಕ್ಸಲ್ ಕೌಂಟರ್ ಇರುವಲ್ಲಿ ಒಳಹೋದ ಗಾಲಿಜೋಡಿಗಳನ್ನೂ ಹೊರಬಂದವನ್ನೂ ಯಂತ್ರವೇ ಎಣಿಸುತ್ತದೆ. ಎಣಿಕೆ ತಾಳೆಯಾಗದಿದ್ದರೆ ಸೆಕ್ಷನ್ ತೆರವಾಗಿದೆ ಎಂದು ಒಪ್ಪುವುದೇ ಇಲ್ಲ.

ಲೆಕ್ಕಕ್ಕೆ ಬಳಸುವುದು ಸ್ಕಾಟ್ ಸೂತ್ರ:

ದಿನದ ಗಾಡಿಗಳು = 1440 ÷ (ಓಟದ ನಿಮಿಷ + ಬ್ಲಾಕ್ ಕೆಲಸದ ನಿಮಿಷ) × 0.7

1440 ಅಂದರೆ ದಿನದ ನಿಮಿಷಗಳು. ಬ್ಲಾಕ್ ಕೆಲಸ ಅಂದರೆ ಲೈನ್ ಕ್ಲಿಯರ್ ಕೇಳಿ, ಪಡೆದು, ಸಿಗ್ನಲ್ ತೆರೆಯುವುದು. ಹಳಿ ದುರಸ್ತಿ, ತಡ, ಇತ್ಯಾದಿಗೆ ಹೋಗುವ ಹೊತ್ತು ಕಳೆದು ಉಳಿಯುವ ಪಾಲು 0.7. ಓಟದ ನಿಮಿಷವನ್ನು ಮಾರ್ಗದ ಸರಾಸರಿಯಿಂದ ತೆಗೆಯಬಾರದು. ಅತಿ ನಿಧಾನದ ಗಾಡಿಗೆ ಅತಿ ಹೆಚ್ಚು ಹೊತ್ತು ಹಿಡಿಯುವ ಸೆಕ್ಷನ್ನನ್ನೇ ತೆಗೆದುಕೊಳ್ಳಬೇಕು. ಬಹಳ ಮಂದಿ ಎಡವುವುದು ಇಲ್ಲಿಯೇ. 10 ಕಿ.ಮೀ. ಸೆಕ್ಷನ್ನಿನಲ್ಲಿ ಗೂಡ್ಸ್ ಗಂಟೆಗೆ 30 ಕಿ.ಮೀ. ಓಡಿದರೆ 20 ನಿಮಿಷ. ಬ್ಲಾಕ್ ಕೆಲಸಕ್ಕೆ 5 ನಿಮಿಷ ಹಿಡಿಯಿರಿ. 1440 ÷ 25 × 0.7 = 40. ಇದು ಹೋಗುವ, ಬರುವ ಗಾಡಿ ಎರಡೂ ಕೂಡಿ.

ಈಗ ಇದೇ ಮಾರ್ಗದಲ್ಲಿ ಕಲ್ಲಿದ್ದಲು ತರಿಸುವ ಕೂಡಗಿ ವಿದ್ಯುತ್ ಸ್ಥಾವರ ಸೇರಿಸಿ. ಅದರ ಸಾಮರ್ಥ್ಯ 2400 ಮೆಗಾವ್ಯಾಟ್, ತಲಾ 800ರ ಮೂರು ಘಟಕ. ಪೂರ್ಣ ಭಾರದಲ್ಲಿ ಓಡಿದರೆ ದಿನಕ್ಕೆ 5.76 ಕೋಟಿ ಯೂನಿಟ್. ಯೂನಿಟ್ಟಿಗೆ ಸುಮಾರು 0.6 ಕಿಲೋ ಕಲ್ಲಿದ್ದಲು ಎಂದರೆ ದಿನಕ್ಕೆ 34,560 ಟನ್. 58 ವ್ಯಾಗನ್‌ಗಳ ಒಂದು ರೇಕಿನಲ್ಲಿ (ಒಂದು ಗೂಡ್ಸ್ ಗಾಡಿಯ ವ್ಯಾಗನ್ ಸಾಲು) ಸುಮಾರು 3,800 ಟನ್ ಬರುತ್ತದೆ, ಹಾಗಾಗಿ 9 ರೇಕು ಬೇಕು. ತುಂಬಿ ಬಂದದ್ದು ಬರಿದಾಗಿ ಹಿಂದಿರುಗಲೇಬೇಕು, ಒಟ್ಟು 18 ಓಟ. ಎಲ್ಲವೂ ಒಂದೇ ದಿಕ್ಕಿನಿಂದ ಬಂದರೆ 40ರಲ್ಲಿ 18 ಕಲ್ಲಿದ್ದಲಿಗೇ ಹೋಯಿತು. ಜೋಡಿ ಹಳಿಯ ಅಗತ್ಯಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಇನ್ನೊಂದು ತೊಡಕು ಲೂಪ್ ಲೈನಿನದು. ಕ್ರಾಸಿಂಗ್‌ಗೆ, ಅಂದರೆ ಎದುರು ಗಾಡಿ ದಾಟಿಹೋಗಲು, ಒಂದು ಗಾಡಿ ಪಕ್ಕದ ಈ ಹಳಿಗೆ ಸರಿದು ನಿಲ್ಲಬೇಕಲ್ಲ. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ 10.713 ಮೀಟರ್, 58ಕ್ಕೆ 621 ಮೀಟರ್. ಎರಡು ಎಂಜಿನ್, ಬ್ರೇಕ್ ವ್ಯಾನ್ ಕೂಡಿದರೆ ಸುಮಾರು 677. ಲೂಪಿನ ಹಳೆಯ ಮಾನಕ ಅಳತೆ 686 ಮೀಟರ್. ಅದಕ್ಕಿಂತ ಗಿಡ್ಡ ಲೂಪಿನಲ್ಲಿ ಈ ರೇಕು ನಿಲ್ಲದು, ಆಗ ಪ್ಯಾಸೆಂಜರ್ ಗಾಡಿಯೇ ಕಾಯಬೇಕಾಗುತ್ತದೆ.

ಸೆಕ್ಷನ್ನಿನ ನಡುವೆ ಹೊಸ ಕ್ರಾಸಿಂಗ್ ಸ್ಟೇಷನ್ ಕಟ್ಟಿ 10 ಕಿ.ಮೀ.ಯನ್ನು 5 ಮಾಡಿದರೆ? ಓಟ 10 ನಿಮಿಷ, ಬ್ಲಾಕ್ ಕೆಲಸ ಮಾತ್ರ 5 ನಿಮಿಷವೇ. 1440 ÷ 15 × 0.7 = 67. ದೂರ ಅರ್ಧವಾದರೂ ಗಾಡಿ 80 ಆಗಲಿಲ್ಲ, ಯಾಕೆಂದರೆ ಆ 5 ನಿಮಿಷ ಕರಗುವುದಿಲ್ಲ.

ಸಂಪರ್ಕದ ಪಾಲು ಇರುವುದು ಆ 5 ನಿಮಿಷದಲ್ಲೇ. ಲೈನ್ ಕ್ಲಿಯರ್ ಕೇಳಿ ಕೊಡುವ ಬ್ಲಾಕ್ ಉಪಕರಣಗಳು ಮಾತಾಡುವುದು ಹಳಿಯ ಪಕ್ಕ ಸುಮಾರು 1 ಮೀಟರ್ ಆಳದಲ್ಲಿ ಹೂತ ಕೇಬಲ್ ಮೂಲಕ. (2000ರಲ್ಲಿ ಸ್ಥಾಪನೆಯಾದ ರೈಲ್‌ಟೆಲ್ ಹಳಿಯಗುಂಟ ಹಾಸಿದ ಆಪ್ಟಿಕಲ್ ಫೈಬರ್‌ನಲ್ಲೇ ಹೊರಗಿನವರಿಗೂ ಇಂಟರ್‌ನೆಟ್ ಒದಗಿಸುತ್ತದೆ.) ಮಣ್ಣು ಅಗೆಯುವ ಜೆಸಿಬಿ ಕೇಬಲ್ ಕಡಿದರೆ ಉಪಕರಣ ಸತ್ತ ಹಾಗೆ. ಆಗ ಮಾಸ್ಟರ್‌ಗಳು ಬೇರೆ ಫೋನಿನಲ್ಲಿ ಮಾತಾಡಿ, ಪ್ರೈವೇಟ್ ನಂಬರ್ (ಮಾತು ಖಚಿತಪಡಿಸುವ ಗುಪ್ತ ಸಂಖ್ಯೆ) ವಿನಿಮಯ ಮಾಡಿಕೊಂಡು, ಪೇಪರ್ ಲೈನ್ ಕ್ಲಿಯರ್ ಟಿಕೆಟ್ (ಕಾಗದದ ಒಪ್ಪಿಗೆ) ಬರೆದು ಲೋಕೋ ಪೈಲಟ್ ಕೈಗೆ ಮುಟ್ಟಿಸಬೇಕು. 5 ನಿಮಿಷ 15 ಆಯಿತೆನ್ನಿ: 1440 ÷ 35 × 0.7 = 28. ಹಳಿ, ಎಂಜಿನ್, ಸಿಬ್ಬಂದಿ ಎಲ್ಲ ಇದ್ದ ಹಾಗೇ ಇದ್ದರೂ 12 ಗಾಡಿ ಖೋತಾ. ಮಾತಿನ ದಾರಿಗಳೆಲ್ಲ ಕಡಿದುಹೋದರೆ ಸಿಂಗಲ್ ಲೈನಿನಲ್ಲಿ ಗಾಡಿ ಬಿಡುವ ಮೊದಲು ಬರಿ ಎಂಜಿನ್ ಕಳಿಸಿ ಸಂಪರ್ಕ ತೆರೆಯಬೇಕು. ಹಗಲಲ್ಲಿ ದಾರಿ ನಿಚ್ಚಳವಾಗಿ ಕಂಡರೂ ಅದರ ವೇಗ ಗಂಟೆಗೆ 15 ಕಿ.ಮೀ. ಮೀರಬಾರದು, ನಮ್ಮ 10 ಕಿ.ಮೀ. ಸೆಕ್ಷನ್ನಿಗೆ ಅದೊಂದಕ್ಕೇ 40 ನಿಮಿಷ.

ಜೋಡಿ ಹಳಿಯಾದಾಗ ಇದೇ ಸೂತ್ರವನ್ನು ಪ್ರತಿ ಹಳಿಗೂ ಬೇರೆಬೇರೆಯಾಗಿ ಹಾಕಿ: 40 ಅತ್ತ, 40 ಇತ್ತ. ಎದುರು ಗಾಡಿಗಾಗಿ ಲೂಪಿನಲ್ಲಿ ಕಾಯುವುದೂ ತಪ್ಪುತ್ತದೆ. ಆದರೆ ನಡುವೆ ಒಂದು ಸೇತುವೆಯ ತುಂಡು ಸಿಂಗಲ್ ಆಗಿಯೇ ಉಳಿದಿದ್ದರೆ, ಅದರ ಮೇಲೆ ಹಾಯ್ದು ಹೋಗುವ ಗಾಡಿಗಳಿಗೆ ಆ ತುಂಡಿನ ಲೆಕ್ಕವೇ ಮಿತಿ.