ಚಾರಣಕ್ಕೆ ಮುನ್ನ ಇಳಿಯುವುದನ್ನು ಕಲಿಯಿರಿ

ಹಿಮಾಲಯದ ಕಡೆ ಏಳೆಂಟು ದಿನದ ಚಾರಣಕ್ಕೆ ಹೆಸರು ಕೊಟ್ಟವರು ಶಿವಮೊಗ್ಗದಲ್ಲಿ ಬೆಳಿಗ್ಗೆ ಓಡುತ್ತಾರೆ, ಇಲ್ಲವೇ ಜಿಮ್‌ಗೆ ಸೇರುತ್ತಾರೆ. ದಮ್ಮು ಗಟ್ಟಿಯಾಗಲು ಅದು ಒಳ್ಳೆಯದೇ. ಆದರೆ ಎರಡನೇ ಮೂರನೇ ದಿನ ಕೈಕೊಡುವುದು ತೊಡೆ, ಮಂಡಿ, ಅದೂ ಇಳಿಯುವಾಗ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಆಗ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗಿ, ನೋವು ಮರುದಿನ ಶುರುವಾಗಿ ಮೂರನೇ ದಿನದವರೆಗೂ ಕಾಡುತ್ತದೆ. ಒಮ್ಮೆ ಹೀಗೆ ನೊಂದು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಎಷ್ಟು ಓಡಿದರೂ ಈ ಲಾಭ ಸಿಗದು. ಗುಡ್ಡವೇ ಬೇಕು, ಅದು ನಮ್ಮ ಮಲೆನಾಡಿನಲ್ಲಿ ಧಾರಾಳವಾಗಿದೆ.

ಶುರುವಿಗೆ ಆಗುಂಬೆ ಹತ್ತಿರದ ಕುಂದಾದ್ರಿ ಸಾಕು. ತುದಿವರೆಗೂ ಡಾಂಬರು ರಸ್ತೆ ಇರುವುದರಿಂದ ಕಾಲು ಉಳುಕುವ ಭಯ ಕಡಿಮೆ. ಆಮೇಲೆ 1343 ಮೀಟರ್ ಎತ್ತರದ ಕೊಡಚಾದ್ರಿ. ಅಲ್ಲಿನ ಜೀಪು ದಾರಿಯ ಸಡಿಲ ಕಲ್ಲುಗಳೇ ಒಳ್ಳೆಯ ಪಾಠ. ಹೋಗುವ ಮೊದಲು ಅರಣ್ಯ ಇಲಾಖೆಯ ನಿಯಮ ವಿಚಾರಿಸಿಕೊಳ್ಳಿ.

ಬೆನ್ನಚೀಲಕ್ಕೆ ನೀರಿನ ಬಾಟಲಿಗಳನ್ನೇ ತುಂಬಿ. ಲೀಟರಿಗೆ ಒಂದು ಕಿಲೋ, ತೂಕದ ಲೆಕ್ಕ ಸುಲಭ. ಮಂಡಿ ನೋಯಲು ಶುರುವಾದರೆ ಅಲ್ಲೇ ಚೆಲ್ಲಿ ಹಗುರ ಮಾಡಿಕೊಳ್ಳಬಹುದು. ನಾಲ್ಕು ಕಿಲೋದಿಂದ ಆರಂಭಿಸಿ ವಾರಕ್ಕೆ ಎರಡೆರಡು ಕಿಲೋ ಏರಿಸಿ. ದೇಹತೂಕದ ಐದನೇ ಒಂದು ಭಾಗ ದಾಟಬೇಡಿ. 60 ಕಿಲೋದವರಿಗೆ 12 ಕಿಲೋ ಮಿತಿ.

ಚೀಲ ಹಾಕಿಕೊಳ್ಳುವುದಕ್ಕೂ ಕ್ರಮವಿದೆ. ಮೊದಲು ಹೆಗಲ ಪಟ್ಟಿ ಸಡಿಲಿಸಿ. ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಪಕ್ಕದಲ್ಲಿ ಕೈಗೆ ಸಿಗುವ ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ. ಹೆಗಲಿನದು ಕೊನೆಗೆ, ಅದೂ ಚೀಲ ಬೆನ್ನಿಗೆ ತಾಗುವಷ್ಟೇ. ಹೆಚ್ಚಿನ ಭಾರ ಸೊಂಟಕ್ಕೇ ಬೀಳಬೇಕು. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡಿರಲಿ. ಹೊರಮೈಗೆ ಕಟ್ಟಿದರೆ ಇಳಿಜಾರಿನಲ್ಲಿ ಚೀಲ ಜೋಲಿ ಹೊಡೆಸುತ್ತದೆ.

ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಾಗಿರಲಿ. ಉದ್ದ ಹೊಂದಿಸಬಹುದಾದ ಊರುಗೋಲಿದ್ದರೆ ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಬೆರಳು ಶೂ ತುದಿಗೆ ಬಡಿದು ಉಗುರು ಕಪ್ಪಾಗುತ್ತಿದೆಯೇ? ಲೇಸಿನ ಕೊನೆಯ ಎರಡು ತೂತುಗಳ ನಡುವೆ ಎರಡೂ ಕಡೆ ಪುಟ್ಟ ಕುಣಿಕೆ ಬಿಟ್ಟು, ಬಲದ ಲೇಸನ್ನು ಎಡ ಕುಣಿಕೆಯಲ್ಲಿ, ಎಡದ್ದನ್ನು ಬಲ ಕುಣಿಕೆಯಲ್ಲಿ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಕದಲುವುದಿಲ್ಲ.

ಡಿಸೆಂಬರ್‌ನಿಂದ ಮೇವರೆಗೆ ಕಾಡುದಾರಿಯಲ್ಲಿ ಅಭ್ಯಾಸ ಮಾಡುವವರು ಮಂಗನ ಕಾಯಿಲೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದು ಹರಡುವುದು ಉಣುಗಿನಿಂದ. ಒಣಗಿದ ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಮೈ ತೊಳೆದು ಕಂಕುಳು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಮುಂದಿನ ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಹೊರಡುವ ಹತ್ತು ದಿನ ಮೊದಲೇ ಭಾರದ ನಡಿಗೆ ನಿಲ್ಲಿಸಿ. ಉಳಿದ ದಿನಗಳಲ್ಲಿ ಬರಿಗೈಯಲ್ಲಿ ಅರ್ಧ ಗಂಟೆ ನಡೆದರೆ ಸಾಕು, ಚಾರಣಕ್ಕೆ ಒಯ್ಯುವ ಅದೇ ಶೂ ಹಾಕಿಕೊಂಡು.