ಹೊಲದ ಬದುವಿನಲ್ಲೇ ನಿಂತುಬಿಟ್ಟ ಕಾನೂನು

ಆ ಗುದ್ದಲಿಯ ಕಾವು ಎರಡಡಿ ದಾಟುತ್ತಿರಲಿಲ್ಲ. ಎಷ್ಟೋ ಸಲ ಒಂದೇ ಅಡಿ. ನಿಂತುಕೊಂಡು ಬೀಸಿದರೆ ನೆಲಕ್ಕೆ ತಾಗುವುದಿಲ್ಲ, ಸೊಂಟ ಬಗ್ಗಿಸಲೇಬೇಕು. ಕ್ಯಾಲಿಫೋರ್ನಿಯಾದ ಲೆಟಿಸ್ ಮತ್ತು ಸಕ್ಕರೆ ಬೀಟ್ ಹೊಲಗಳಲ್ಲಿ ಗುಳೆ ಬಂದ ಕೂಲಿಗಳು ಇದನ್ನು ಹಿಡಿದು ಬೆಳಗಿಂದ ಸಂಜೆವರೆಗೆ ಸಾಲಿನುದ್ದಕ್ಕೂ ಬಗ್ಗಿಕೊಂಡೇ ಸಾಗುತ್ತಿದ್ದರು. ಒತ್ತಾಗಿ ಹುಟ್ಟಿದ ಸಸಿ ತೆಗೆದು ಅಂತರ ಬಿಡಿಸುವ ಕೆಲಸ ಅದು. ಉದ್ದ ಕಾವಿನ ಗುದ್ದಲಿ ಇರಲಿಲ್ಲವೇ? ಇತ್ತು. ಬೇರೆ ಕಡೆ ಅದರಲ್ಲೇ ಇದೇ ಕೆಲಸ ನಡೆಯುತ್ತಿತ್ತು. ಆದರೆ ಗಿಡ್ಡ ಗುದ್ದಲಿಯಿಂದ ಮೇಸ್ತ್ರಿಗೆ ಒಂದು ಅನುಕೂಲ ಇತ್ತು. ಯಾರು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಾರೆ ಅಂತ ದೂರದಿಂದಲೇ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಈ ಗುದ್ದಲಿಗೆ ನಿಷೇಧ ಬಿದ್ದಿದ್ದು 1975ರಲ್ಲಿ. ಅಷ್ಟು ತಡ ಯಾಕಾಯಿತು ಅಂತ ತಿಳಿಯಲು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು.

1935ರಲ್ಲಿ ಅಮೆರಿಕದಲ್ಲಿ ವ್ಯಾಗ್ನರ್ ಕಾಯ್ದೆ ಬಂತು. ಸಂಘ ಕಟ್ಟುವ, ಮಾಲೀಕರ ಎದುರು ಕೂತು ಕೂಲಿ ಮಾತಾಡುವ ಹಕ್ಕನ್ನು ಅದು ಕಾರ್ಮಿಕರಿಗೆ ಕೊಟ್ಟಿತು. 1938ರಲ್ಲಿ ಕನಿಷ್ಠ ಕೂಲಿ ಮತ್ತು ಓವರ್‌ಟೈಂ ಕಾನೂನು ಬಂತು. ಎರಡರಿಂದಲೂ ಹೊಲದ ಕೂಲಿಗಳನ್ನು ಹೊರಗಿಟ್ಟರು. ದಕ್ಷಿಣದ ರಾಜ್ಯಗಳ ಸಂಸದರ ಬೆಂಬಲ ಇಲ್ಲದೆ ಈ ಕಾನೂನುಗಳು ಪಾಸಾಗುವುದು ಕಷ್ಟ ಇತ್ತು. ಆ ರಾಜ್ಯಗಳ ಹೊಲಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹಳ ಮಂದಿ ಕಪ್ಪು ಜನ. ಅವರಿಗೆ ಈ ಹಕ್ಕು ಸಿಗುವುದು ಆ ಸಂಸದರಿಗೆ ಬೇಡವಾಗಿತ್ತು, ಹೊರಗಿಟ್ಟಿದ್ದಕ್ಕೆ ಇದೇ ಮುಖ್ಯ ಕಾರಣ ಅಂತ ಅನೇಕ ಇತಿಹಾಸಕಾರರು ಹೇಳುತ್ತಾರೆ. ಹಾಗಾಗಿ ಇದನ್ನು ಬರೀ ಮರೆವು ಅಂತ ನಾನಂತೂ ಒಪ್ಪುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಹೊಲಗಳಿಗೆ ಆಳು ಸಾಲದಾಯಿತು. 1942ರಲ್ಲಿ ಮೆಕ್ಸಿಕೊ ಜೊತೆ ಒಪ್ಪಂದವಾಯಿತು. ಅದರಡಿ ಬಂದವರನ್ನು ಬ್ರಸೇರೊ ಅಂತ ಕರೆದರು. ಸ್ಪ್ಯಾನಿಷ್‌ನಲ್ಲಿ ಬ್ರಾಸೊ ಅಂದರೆ ತೋಳು. 1964ರವರೆಗೆ ಸುಮಾರು 46 ಲಕ್ಷ ಕರಾರುಗಳಾದವು. ಕಾಗದದ ಮೇಲೆ ಕೂಲಿ, ವಸತಿ, ಊರಿಗೆ ಮರಳುವ ಖರ್ಚು ಎಲ್ಲವೂ ಇತ್ತು. ಆದರೆ ಗಡಿಯಲ್ಲಿ ಬಟ್ಟೆ ಬಿಚ್ಚಿಸಿ ಮೈಮೇಲೆ ಡಿಡಿಟಿ ಪುಡಿ ಎರಚುತ್ತಿದ್ದರು. ಮೊದಲ ವರ್ಷಗಳಲ್ಲಿ ಉಳಿತಾಯದ ಹೆಸರಲ್ಲಿ ಕೂಲಿಯ ಶೇ. 10ರಷ್ಟು ಮುರಿದುಕೊಂಡರು. ಊರಿಗೆ ಹೋದ ಮೇಲೆ ಬಹಳ ಜನರಿಗೆ ಆ ಹಣ ಸಿಗಲೇ ಇಲ್ಲ. ತಕರಾರು ತೆಗೆದವರಿಗೆ ವಾಪಸ್ ಕಳಿಸುವ ಭಯ.

1963ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಚುವಲಾರ್ ಎಂಬ ಊರಿನ ಹತ್ತಿರ ಕೆಲಸ ಮುಗಿಸಿ ಹೊರಟಿದ್ದ ಬ್ರಸೇರೊಗಳ ವಾಹನಕ್ಕೆ ರೈಲು ಬಡಿಯಿತು. 32 ಜನ ಸತ್ತರು. ಸಾಮಾನು ಸಾಗಿಸುವ ಲಾರಿಗೆ ಉದ್ದಕ್ಕೆ ಬೆಂಚು ಹಾಕಿ, ಮೇಲೆ ಹೊದಿಕೆ ಕಟ್ಟಿ ಅದನ್ನೇ ಬಸ್ಸು ಮಾಡಿಕೊಂಡಿದ್ದರು. ಮರುವರ್ಷದ ಕೊನೆಗೆ ಆ ಯೋಜನೆ ನಿಂತಿತು.

1965ರ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯಾದ ಡೆಲಾನೊ ಊರಿನ ದ್ರಾಕ್ಷಿ ತೋಟಗಳಲ್ಲಿ ಕೂಲಿಗಳು ಕೆಲಸ ಬಿಟ್ಟು ಕೂತರು. ಈ ಹೋರಾಟಕ್ಕೆ ಹೊಲದ ಕೂಲಿಗಳ ನಾಯಕ ಸೀಸರ್ ಚಾವೆಸ್ ಹೆಸರು ಎಲ್ಲರೂ ಹೇಳುತ್ತಾರೆ, ಆದರೆ ಆ ದಿನ ಶುರು ಮಾಡಿದವರು ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದ ಫಿಲಿಪಿನೊ ಕೂಲಿಗಳು. ಚಾವೆಸ್ ಮತ್ತು ಡೊಲೊರೆಸ್ ವೆರ್ಟಾ ಅವರ ಮೆಕ್ಸಿಕನ್ ಸಂಘ ಜೊತೆಗೂಡಿದ್ದು ಒಂದು ವಾರದ ಮೇಲೆ. ಈ ಒಂದುಗೂಡುವಿಕೆಯೇ ದೊಡ್ಡ ಮಾತು. ಅದಕ್ಕೂ ಮೊದಲು ಒಂದು ಗುಂಪು ಹರತಾಳ ಕೂತರೆ ಮಾಲೀಕರು ಇನ್ನೊಂದು ಗುಂಪನ್ನು ಕೆಲಸಕ್ಕೆ ಇಳಿಸುತ್ತಿದ್ದರು.

ಹಾಗೆ ನೋಡಿದರೆ ಸುಗ್ಗಿಯ ಕೂಲಿಗಳು ಹೊಲದಲ್ಲಿ ಗೆಲ್ಲುವುದು ಬಹಳ ಕಷ್ಟ. ಕೊಯ್ಲು ಕೆಲವೇ ವಾರ. ಸುಮ್ನೆ ಬೇರೆ ಆಳು ಕರೆಸಿದರಾಯಿತು. ಅದಕ್ಕೇ ಅವರು ಜಗಳವನ್ನು ಹೊಲದಿಂದ ಪೇಟೆಗೆ ಒಯ್ದರು. ದ್ರಾಕ್ಷಿ ಕೊಳ್ಳಬೇಡಿ ಅಂತ ಊರೂರಿನ ಅಂಗಡಿಗಳ ಮುಂದೆ ನಿಂತರು. ಇಲ್ಲಿ ಒಂದು ವಿಚಿತ್ರ ಇದೆ. ಬೇರೆ ಸಂಘಗಳು ಹೀಗೆ ಮೂರನೆಯವರ ಅಂಗಡಿಯನ್ನು ಬಹಿಷ್ಕರಿಸಿ ಅಂತ ಕರೆ ಕೊಡದಂತೆ ವ್ಯಾಗ್ನರ್ ಕಾಯ್ದೆಗೆ 1947ರಲ್ಲಿ ಮಾಡಿದ ತಿದ್ದುಪಡಿ ತಡೆದಿತ್ತು. ಹೊಲದ ಕೂಲಿಗಳು ಆ ಕಾನೂನಿನ ಒಳಗೇ ಇರಲಿಲ್ಲವಲ್ಲ, ಅವರಿಗೆ ತಡೆಯೂ ಇರಲಿಲ್ಲ! ಐದು ವರ್ಷ ಹಿಡಿಯಿತು. 1970ರಲ್ಲಿ ತೋಟದವರು ಕರಾರಿಗೆ ಸಹಿ ಹಾಕಿದರು.

ಈಗ ಗುದ್ದಲಿಗೆ ಬರೋಣ. ಬಡವರಿಗೆ ಉಚಿತವಾಗಿ ವಾದಿಸುವ ವಕೀಲರು ಅದನ್ನು ನಿಷೇಧಿಸಿ ಅಂತ ಕೇಳಿದಾಗ ರಾಜ್ಯದ ಸುರಕ್ಷತಾ ಇಲಾಖೆ ಒಪ್ಪಿರಲಿಲ್ಲ. ಉಪಕರಣ ಸರಿಯಾಗೇ ಇದೆ, ಮುರಿದಿಲ್ಲ, ಅದನ್ನು ಬಳಸುವ ರೀತಿಯಿಂದ ನೋವಾದರೆ ಉಪಕರಣದ ತಪ್ಪಲ್ಲ ಅನ್ನುವುದು ವಾದ. ಬೆನ್ನುಮೂಳೆ ಹಾಳಾಗುವುದನ್ನು ಡಾಕ್ಟರುಗಳು ಸಾಕ್ಷಿ ಹೇಳಿದ್ದರು. ಉದ್ದ ಕಾವು ಕೊಟ್ಟರೆ ಬೆಳೆ ಕೆಡುತ್ತದೆ ಅಂತ ಮಾಲೀಕರು ಹೇಳಿದ್ದರು. 1975ರ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇಲಾಖೆಯ ಆ ಅರ್ಥವನ್ನು ತಳ್ಳಿಹಾಕಿತು. ಹೇಗೆ ಬಳಸಬೇಕೋ ಹಾಗೇ ಬಳಸಿದಾಗ ಮೈ ಹಾಳಾಗುವುದಾದರೆ ಅದು ಅಪಾಯದ ಉಪಕರಣವೇ, ಅಲ್ವಾ? ನಿಷೇಧ ಬಂತು. ಅದೇ ವರ್ಷ ಹೊಲದ ಕೂಲಿಗಳ ಸಂಘದ ಹಕ್ಕಿಗೂ ಕ್ಯಾಲಿಫೋರ್ನಿಯಾ ತನ್ನದೇ ಕಾನೂನು ಮಾಡಿತು.

ಇದೇ ಕಥೆ ಫ್ಲಾರಿಡಾದ ಇಮ್ಮೊಕಲೀ ಟೊಮೆಟೊ ಹೊಲಗಳಲ್ಲಿ ಬಕೆಟ್ ರೂಪದಲ್ಲಿ ಸಿಗುತ್ತದೆ. ಕೂಲಿ ಕೊಡುವುದು ಬಕೆಟ್ ಲೆಕ್ಕದಲ್ಲಿ. ಒಂದು ಬಕೆಟ್ ಅಂದರೆ ಸುಮಾರು ಹದಿನಾಲ್ಕೂವರೆ ಕಿಲೊ. ಆದರೆ ಅಂಚಿನ ಮೇಲೆ ಗೋಪುರ ಮಾಡಿ ತುಂಬಿದರೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಆ ಮೇಲಿನ ಹಣ್ಣಿಗೆ ಕಾಸಿರಲಿಲ್ಲ. ಇಲ್ಲಿನ ಕೂಲಿಗಳೂ ಪೇಟೆಗೇ ಹೋದರು. 2001ರಲ್ಲಿ ಈ ಟೊಮೆಟೊ ಕೊಳ್ಳುತ್ತಿದ್ದ ಫಾಸ್ಟ್‌ಫುಡ್ ಕಂಪನಿ ಟಾಕೊ ಬೆಲ್ ಬಹಿಷ್ಕಾರಕ್ಕೆ ಕರೆ ಕೊಟ್ಟರು. 2005ರಲ್ಲಿ ಕಂಪನಿ ಒಪ್ಪಿ, ಪ್ರತಿ ಪೌಂಡಿಗೆ ಒಂದು ಸೆಂಟ್ ಜಾಸ್ತಿ ಕೊಡಲು ಶುರು ಮಾಡಿತು. ಆಮೇಲೆ ಬಂದ ನಿಯಮದಲ್ಲಿ ಬಕೆಟ್ ಅಂಚಿನವರೆಗೆ ಮಾತ್ರ ತುಂಬಬೇಕು ಅಂತ ಬರೆದರು. ಹೊಲದಲ್ಲಿ ನೆರಳು, ಕೆಲಸದ ಹೊತ್ತು ಗುರುತು ಮಾಡುವ ಗಡಿಯಾರ ಬಂದವು.

ಈಗ ಗುಳೆ ಬರುವವರಲ್ಲಿ ಲಕ್ಷಾಂತರ ಮಂದಿ ಎಚ್-2ಎ ವೀಸಾದಲ್ಲಿ ಬರುತ್ತಾರೆ. ಹೊಲದ ಕೆಲಸಕ್ಕೆಂದೇ ಸ್ವಲ್ಪ ಕಾಲಕ್ಕೆ ಕೊಡುವ, 1986ರಿಂದ ಇರುವ ವೀಸಾ ಇದು. ಕೆಲಸ ಕೊಡಿಸಲು ದುಡ್ಡು ತಗೊಳ್ಳಬಾರದು ಅಂತ ನಿಯಮ ಇದ್ದರೂ ದಲ್ಲಾಳಿಗಳಿಗೆ ಸಾಲ ಮಾಡಿ ಕೊಟ್ಟು ಬರುವವರಿದ್ದಾರೆ. ವೀಸಾ ಒಬ್ಬ ಮಾಲೀಕನಿಗೆ ಗಂಟುಬಿದ್ದಿರುತ್ತದೆ. ಅವನು ಬೇಡ ಅಂದರೆ ಸಾಲ ಹಾಗೇ ಉಳಿಯುತ್ತದೆ, ಮನುಷ್ಯ ಮಾತ್ರ ಊರಿಗೆ ಮರಳಬೇಕು.

ಕನಿಷ್ಠ ಕೂಲಿ 1966ರಲ್ಲಿ ದೊಡ್ಡ ಹೊಲಗಳವರೆಗೆ ಬಂತು. ಓವರ್‌ಟೈಂ ಬರಲಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಾವೇ ಅದನ್ನು ಕೊಟ್ಟಿವೆ. ದೇಶದ ಕಾನೂನಿನಲ್ಲಿ ಹೊಲದ ಕೂಲಿಗೆ ಓವರ್‌ಟೈಂ ಇಲ್ಲ ಅನ್ನುವ 1938ರ ಸಾಲು ಇನ್ನೂ ಹಾಗೇ ಇದೆ.