ಎಬಿ 540 ಟಿಪ್ಪಣಿ: ವಿಳಾಸ ಕೇಳದೆ ಶಾಲೆ ಕೇಳುವ ಕಾನೂನು

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಎರಡು ಥರ. ಆ ರಾಜ್ಯದ ನಿವಾಸಿಗಳಿಗೆ ಒಂದು, ಉಳಿದವರಿಗೆ ಇನ್ನೊಂದು. ಬರ್ಕ್ಲಿ, ಡೇವಿಸ್, ಲಾಸ್ ಏಂಜಲೀಸ್ ಮುಂತಾದ ಕ್ಯಾಂಪಸ್‌ಗಳಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನೇ ನೋಡಿ. 2025-26ರಲ್ಲಿ ಪದವಿಗೆ ಸೇರಿದ ಹೊರಗಿನ ವಿದ್ಯಾರ್ಥಿ ಮಾಮೂಲಿ ಫೀಸಿನ ಮೇಲೆ ಮತ್ತೆ 37,602 ಡಾಲರ್ ಕಟ್ಟಬೇಕು. ಅದೂ ಒಂದು ವರ್ಷಕ್ಕೆ. ಈ ಹೆಚ್ಚುವರಿ ಮೊತ್ತವನ್ನು ಯಾರಿಗೆ ಬಿಡಬೇಕು ಅನ್ನುವುದೇ ನಮ್ಮ ಇವತ್ತಿನ ವಿಷಯ. ಅದನ್ನು ಹೇಳುವ ಕ್ಯಾಲಿಫೋರ್ನಿಯಾದ ಕಾನೂನೇ ಎಬಿ 540 (ಎಬಿ ಅಂದರೆ ಅಸೆಂಬ್ಲಿ ಬಿಲ್).

ಒಂದು ಮಗುವನ್ನು ಊಹಿಸಿಕೊಳ್ಳಿ. ನಾಲ್ಕನೇ ವಯಸ್ಸಿಗೆ ಅಪ್ಪ ಅಮ್ಮ ಮೆಕ್ಸಿಕೊದಿಂದ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರಕ್ಕೆ ಕರೆತಂದರು. ವಲಸೆಯ ಕಾಗದಪತ್ರ ಏನೂ ಇಲ್ಲ. ಶಾಲೆಗೆ ಮಾತ್ರ ಯಾರೂ ತಡೆಯುವಂತಿಲ್ಲ. ಯಾಕೆಂದರೆ 1982ರಲ್ಲಿ ಪ್ಲೈಲರ್ ಮತ್ತು ಡೋ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ದಾಖಲೆ ಇಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚಬಾರದು ಎಂದು ಹೇಳಿತು. ತೀರ್ಪು 5-4ರಲ್ಲಿ ಬಂತು. ಆದರೆ ಅದು ಶಾಲೆಗೆ ಮಾತ್ರ. ಹನ್ನೆರಡನೇ ತರಗತಿ ಮುಗಿದ ಮೇಲೆ? ಅದೇ ಊರಲ್ಲಿ ಬೆಳೆದ ಹುಡುಗಿ ಅದೇ ಊರಿನ ಕಾಲೇಜಿಗೆ ಹೊರಗಿನವಳಾಗಿಬಿಡುತ್ತಾಳೆ. ಫೀಸು ನೋಡಿ ಓದನ್ನೇ ಕೈಬಿಟ್ಟವರು ಎಷ್ಟೋ ಮಂದಿ.

ಇಲ್ಲಿ ಬರುತ್ತದೆ 1996ರ ಕೇಂದ್ರ ಕಾನೂನು. ಪರೀಕ್ಷೆಗೆ ಓದುವವರು ಇದನ್ನು ನಿಧಾನವಾಗಿ ಓದಿಕೊಳ್ಳಿ, ಇಡೀ ವಿಷಯ ಇದರ ಮೇಲೆ ನಿಂತಿದೆ. ಅದು ಹೇಳುವುದು ಇಷ್ಟು: ಕಾನೂನುಬದ್ಧವಾಗಿ ದೇಶದಲ್ಲಿ ಇಲ್ಲದವರಿಗೆ, ಅವರು ಆ ರಾಜ್ಯದಲ್ಲಿ ವಾಸವಾಗಿದ್ದಾರೆ ಎಂಬ ಕಾರಣಕ್ಕೆ ಕಾಲೇಜು ಮಟ್ಟದ ಸವಲತ್ತು ಕೊಡಬಾರದು. ಕೊಡುವುದಾದರೆ, ಯಾವ ರಾಜ್ಯದಲ್ಲೇ ಇರುವ ಅಮೆರಿಕದ ಪೌರನಿಗೂ ಅದೇ ಸವಲತ್ತು ಸಿಗುವಂತಿರಬೇಕು. ಮೇಲ್ನೋಟಕ್ಕೆ ಪೂರ್ತಿ ನಿಷೇಧದ ಥರ ಕಾಣುತ್ತದೆ, ಅಲ್ವಾ? ಆದರೆ "ವಾಸದ ಕಾರಣಕ್ಕೆ" ಎಂಬ ಮಾತನ್ನು ಗಮನಿಸಿ. ಕಾರಣ ಬೇರೆಯಾದರೆ?

ಕ್ಯಾಲಿಫೋರ್ನಿಯಾ ಹಿಡಿದದ್ದು ಇದೇ ದಾರಿ. ಅಸೆಂಬ್ಲಿ ಸದಸ್ಯ ಮಾರ್ಕೊ ಫೈರ್‌ಬಾ ಮಂಡಿಸಿದ ಎಬಿ 540 ಮಸೂದೆಗೆ 2001ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ರೇ ಡೇವಿಸ್ ಸಹಿ ಹಾಕಿದರು. 2002ರ ಜನವರಿಯಿಂದ ಜಾರಿಗೆ ಬಂತು. ಮೂಲ ಷರತ್ತು ಸರಳ. ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ (ಅಲ್ಲಿ ಅದು ಹನ್ನೆರಡನೇ ತರಗತಿವರೆಗೆ) ಮೂರು ವರ್ಷ ಓದಿರಬೇಕು, ಅಲ್ಲೇ ಪಾಸಾಗಿರಬೇಕು ಅಥವಾ ಅದಕ್ಕೆ ಸಮನಾದ ಪರೀಕ್ಷೆ ಮುಗಿಸಿರಬೇಕು. ವಾಸದ ಷರತ್ತು ಇದರಲ್ಲಿ ಇಲ್ಲ. ನಮ್ಮ ಸಿಇಟಿಯಲ್ಲಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರಲ್ಲ, ತರ್ಕ ಅದರ ಹತ್ತಿರದ್ದೇ: ಎಲ್ಲಿ ಓದಿದೆ ಅನ್ನುವುದು ಲೆಕ್ಕ.

ಈ ವಿನಾಯಿತಿ ದಾಖಲೆ ಇಲ್ಲದವರಿಗಷ್ಟೇ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸ್ಯಾನ್ ಡಿಯಾಗೊದಲ್ಲಿ ಹೈಸ್ಕೂಲು ಮುಗಿಸಿದ ಅಮೆರಿಕದ ಪೌರ, ಆಮೇಲೆ ಮನೆಯವರ ಜೊತೆ ನೆವಾಡಕ್ಕೆ ಹೋದ ಎಂದಿಟ್ಟುಕೊಳ್ಳಿ. ಕಾಲೇಜಿಗೆ ವಾಪಸ್ ಬಂದರೆ ಅವನಿಗೂ ಇದು ಸಿಗುತ್ತದೆ. ಈ ಅಂಶವೇ ಕೋರ್ಟಿನಲ್ಲಿ ಕಾನೂನನ್ನು ಉಳಿಸಿತು. ಬೇರೆ ರಾಜ್ಯಗಳಿಂದ ಬಂದು ಪೂರ್ತಿ ಫೀಸು ಕಟ್ಟುತ್ತಿದ್ದ ವಿದ್ಯಾರ್ಥಿಗಳು, ನಮಗಿಲ್ಲದ ರಿಯಾಯಿತಿ ಅವರಿಗೇಕೆ ಎಂದು ಮೊಕದ್ದಮೆ ಹೂಡಿದ್ದರು. ಅದು ಮಾರ್ಟಿನೆಜ್ ಪ್ರಕರಣ. 2010ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ಇಲ್ಲಿ ಸವಲತ್ತಿಗೆ ಆಧಾರ ಶಾಲೆಯ ಓದು. ನಿವಾಸಿಗಳಲ್ಲದ ಎಷ್ಟೋ ಪೌರರಿಗೂ ಇದು ಸಿಗುತ್ತದೆ, ನಿವಾಸಿಗಳಾಗಿರುವ ಎಷ್ಟೋ ದಾಖಲೆರಹಿತರಿಗೆ ಸಿಗುವುದೇ ಇಲ್ಲ. ಹಾಗಾಗಿ ಇದನ್ನು ವಾಸದ ಮೇಲಿನ ಸವಲತ್ತು ಅನ್ನಲಾಗದು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ಟೆಕ್ಸಾಸ್ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಇಂಥ ಕಾನೂನು ಮೊದಲು ಮಾಡಿದ್ದೇ ಆ ರಾಜ್ಯ, 2001ರ ಜೂನ್‌ನಲ್ಲಿ. ಸಹಿ ಹಾಕಿದ್ದು ರಿಪಬ್ಲಿಕನ್ ಪಕ್ಷದ ಗವರ್ನರ್ ರಿಕ್ ಪೆರಿ. ಆದರೆ ಆ ಕಾನೂನಿನಲ್ಲಿ ವಾಸದ ಮಾತು ನೇರವಾಗಿಯೇ ಇತ್ತು. 2025ರ ಜೂನ್‌ನಲ್ಲಿ ಕೇಂದ್ರದ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು, ರಾಜ್ಯ ಸರ್ಕಾರ ಎದುರಾಡದೆ ಅದೇ ದಿನ ಒಪ್ಪಿತು, ಕಾನೂನು ಹೋಯಿತು. ಇಪ್ಪತ್ತನಾಲ್ಕು ವರ್ಷ ನಡೆದ ವ್ಯವಸ್ಥೆ ಒಂದೇ ದಿನದಲ್ಲಿ! ಆ ವರ್ಷ ಓದುತ್ತಿದ್ದ ಮಕ್ಕಳ ಗತಿ ಏನು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಮೇಲೂ ಮೊಕದ್ದಮೆ ಬಿತ್ತು. ಮಾರ್ಟಿನೆಜ್ ತೀರ್ಪು ಕೊಟ್ಟದ್ದು ರಾಜ್ಯದ ಕೋರ್ಟ್. ಕೇಂದ್ರ ಕಾನೂನಿನ ಅರ್ಥ ಹೇಳುವಾಗ ಫೆಡರಲ್, ಅಂದರೆ ಕೇಂದ್ರದ ಕೋರ್ಟುಗಳು ಅದಕ್ಕೆ ಕಟ್ಟುಬೀಳಬೇಕಿಲ್ಲ. ಇದನ್ನು ನೆನಪಿಡಿ.

ಷರತ್ತುಗಳು ಕಾಲಕ್ರಮೇಣ ಸಡಿಲವಾಗಿವೆ. 2014ರ ಎಬಿ 2000, ಹೈಸ್ಕೂಲನ್ನು ಬೇಗ ಮುಗಿಸಿದವರಿಗೆ ಕೆಳಗಿನ ತರಗತಿಗಳ ವರ್ಷಗಳನ್ನೂ ಲೆಕ್ಕಕ್ಕೆ ಸೇರಿಸಿತು. 2017ರ ಎಸ್‌ಬಿ (ಸೆನೆಟ್ ಬಿಲ್) 68, ವಯಸ್ಕರ ಶಾಲೆ ಮತ್ತು ಕಮ್ಯುನಿಟಿ ಕಾಲೇಜಿನ ಓದನ್ನೂ ಸೇರಿಸಿತು. ದೊಡ್ಡವರಾದ ಮೇಲೆ ಬಂದು, ದುಡಿಯುತ್ತಾ ಸಂಜೆ ತರಗತಿಗೆ ಹೋದವರಿಗೆ ದಾರಿ ಆದದ್ದು ಇದರಿಂದಲೇ. ನನ್ನ ಮಟ್ಟಿಗೆ ಎಲ್ಲ ತಿದ್ದುಪಡಿಗಳಲ್ಲಿ ಇದೇ ದೊಡ್ಡದು.

ಅರ್ಜಿಯ ಜೊತೆ ಒಂದು ಅಫಿಡವಿಟ್ ಇರುತ್ತದೆ. ದಾಖಲೆ ಇಲ್ಲದ ವಿದ್ಯಾರ್ಥಿ, "ಅವಕಾಶ ಬಂದ ತಕ್ಷಣ ನನ್ನ ವಲಸೆ ಸ್ಥಿತಿಯನ್ನು ಕಾನೂನುಬದ್ಧ ಮಾಡಿಕೊಳ್ಳಲು ಅರ್ಜಿ ಹಾಕುತ್ತೇನೆ" ಎಂದು ಬರೆದುಕೊಡಬೇಕು. ಈ ಮಾಹಿತಿಯನ್ನು ಗೌಪ್ಯವಾಗಿಡಬೇಕು ಎಂದು ಕಾನೂನೇ ಹೇಳುತ್ತದೆ. ಇದರಿಂದ ವೀಸಾ ಸಿಗುವುದಿಲ್ಲ, ರಾಜ್ಯದ ನಿವಾಸಿ ಎಂಬ ಪಟ್ಟವೂ ಸಿಗುವುದಿಲ್ಲ. ಹೆಚ್ಚುವರಿ ಫೀಸು ಮಾತ್ರ ಮನ್ನಾ. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಕೊಡುವ ಪೆಲ್ ಗ್ರಾಂಟ್ ಎಂಬ ಧನಸಹಾಯ ದಾಖಲೆ ಇಲ್ಲದವರಿಗೆ ಆಗಲೂ ಇಲ್ಲ, ಈಗಲೂ ಇಲ್ಲ. ರಾಜ್ಯದ ನೆರವಿಗೆ ದಾರಿ ತೆರೆದದ್ದು 2011ರ ಕ್ಯಾಲಿಫೋರ್ನಿಯಾ ಡ್ರೀಮ್ ಆಕ್ಟ್. ಅದಕ್ಕೆ ಅರ್ಜಿ ಬೇರೆಯೇ ಇದೆ.

ಕೊನೆಗೆ, ಬೇ ಏರಿಯಾದಲ್ಲಿರುವ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ) ನಮ್ಮವರಿಗೆ ತಟ್ಟುವ ಭಾಗ. ಎಚ್-1ಬಿ ಕೆಲಸದ ವೀಸಾ ಮೇಲಿರುವ ಕನ್ನಡಿಗರ ಮಕ್ಕಳು ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿರುತ್ತಾರೆ. ವಲಸಿಗರಲ್ಲದ ವೀಸಾ ಇರುವವರಿಗೆ ಎಬಿ 540 ಅನ್ವಯಿಸುವುದಿಲ್ಲ, ಮಾನವ ಕಳ್ಳಸಾಗಣೆ ಮತ್ತು ಅಪರಾಧಗಳ ಸಂತ್ರಸ್ತರಿಗೆ ಕೊಡುವ ಟಿ ಮತ್ತು ಯು ವೀಸಾ ಬಿಟ್ಟು. ಆದರೆ ಎಚ್-4 ಮಕ್ಕಳು ಮಾಮೂಲಿ ನಿಯಮದಲ್ಲೇ ರಾಜ್ಯದ ನಿವಾಸಿ ಎಂದು ತೋರಿಸಿಕೊಳ್ಳಬಹುದು. ತೊಂದರೆ ಶುರುವಾಗುವುದು 21ನೇ ವಯಸ್ಸಿಗೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ದರೆ ಎಚ್-4 ಮುಗಿಯುತ್ತದೆ, ಜಾಸ್ತಿ ಮಂದಿ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗುತ್ತಾರೆ. ಎಫ್-1ನಲ್ಲಿರುವವರು ನಿವಾಸಿ ಆಗಲಾರರು, ಎಬಿ 540ಕ್ಕೂ ಸೇರಲಾರರು. ಒಂದನೇ ತರಗತಿಯಿಂದ ಬೇ ಏರಿಯಾದ ಕ್ಯುಪರ್ಟಿನೊದಲ್ಲೇ ಓದಿದ್ದರೂ ಅಷ್ಟೇ. ಶಾಲೆಯ ಓದನ್ನು ಆಧಾರ ಮಾಡಿಕೊಂಡ ಕಾನೂನು ಈ ಮಕ್ಕಳನ್ನು ಹೊರಗಿಟ್ಟಿರುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಮಗುವಿಗೆ 21 ತುಂಬುವ ಮುಂಚೆಯೇ ಕಾಲೇಜಿನ ರೆಸಿಡೆನ್ಸಿ ಕಚೇರಿಯನ್ನೂ ವಲಸೆ ವಕೀಲರನ್ನೂ ಕೇಳಿ, ವೀಸಾ ಬದಲಾದರೆ ಫೀಸು ಎಷ್ಟಾಗುತ್ತದೆ ಎಂದು ಬರಹದಲ್ಲಿ ಪಡೆದುಕೊಳ್ಳಿ.